ಮಧುಕೇಶ್ವರ: ಹಲವು ಅರಸರು ಕಟ್ಟಿದ ಗುಡಿ

ಶಿರಸಿಯಿಂದ ಸುಮಾರು 23 ಕಿ.ಮೀ. ದೂರದ ಬನವಾಸಿಯಲ್ಲಿ, ವರದಾ ನದಿಯ ದಂಡೆಯ ಮೇಲಿರುವ ಮಧುಕೇಶ್ವರ ದೇವಾಲಯ ರಾಷ್ಟ್ರೀಯ ಮಹತ್ವದ ಸ್ಮಾರಕವೆಂದು ಭಾರತೀಯ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ನಿತ್ಯಪೂಜೆ ನಡೆಯುವ ಗುಡಿಯೂ ಹೌದು. ಕದಂಬರ ದೇವಾಲಯವೆಂದೇ ಹೆಸರಾದರೂ ಈಗ ಕಾಣುವ ಕಟ್ಟಡ ಒಬ್ಬ ಅರಸನದಲ್ಲ, ಒಂದು ಕಾಲದ್ದೂ ಅಲ್ಲ.

ಊರು ಕದಂಬರಿಗಿಂತ ಹಳೆಯದು. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಭಿಕ್ಷು ಧರ್ಮಪ್ರಚಾರಕ್ಕಾಗಿ ವನವಾಸಕ್ಕೆ, ಅಂದರೆ ಬನವಾಸಿ ನಾಡಿಗೆ, ಬಂದನೆಂದು ಸಿಂಹಳದ ಮಹಾವಂಸ ಹೇಳುತ್ತದೆ. ಕ್ರಿ.ಶ. 2ನೆಯ ಶತಮಾನದ ಟಾಲೆಮಿಯ ಭೂಗೋಳದಲ್ಲೂ ಈ ಊರಿನ ಹೆಸರಿದೆ. ಸಾತವಾಹನರ ನಂತರ ಇಲ್ಲಿ ಚುಟುಗಳು ಆಳಿದರು. ಅವರ ಕಾಲದ ಐದು ಹೆಡೆಯ ನಾಗಶಿಲ್ಪವೊಂದು ದೇವಾಲಯದ ಆವರಣದಲ್ಲಿದೆ. ಅದರ ಮೇಲಿರುವುದು ಬ್ರಾಹ್ಮಿ ಲಿಪಿಯ ಪ್ರಾಕೃತ ಶಾಸನ. ನಾಗನ ಪ್ರತಿಮೆ, ಕೆರೆ ಮತ್ತು ವಿಹಾರವನ್ನು ಕೊಟ್ಟವಳು ಅರಸನ ಮಗಳು, ಕಲ್ಲು ಕಡೆದವನು ನಟಕ ಎಂಬ ಶಿಲ್ಪಿ ಎಂದು ಅದರಿಂದ ತಿಳಿಯುತ್ತದೆ.

4ನೆಯ ಶತಮಾನದ ನಡುವಿನಲ್ಲಿ ಮಯೂರಶರ್ಮ ಕದಂಬ ರಾಜ್ಯವನ್ನು ಸ್ಥಾಪಿಸಿದ. ಓದಲೆಂದು ಅಜ್ಜ ವೀರಶರ್ಮನೊಂದಿಗೆ ಕಂಚಿಗೆ ಹೋದವನು ಪಲ್ಲವರ ಕುದುರೆ ಸವಾರನೊಂದಿಗಿನ ಜಗಳದಿಂದ ನೊಂದು ಕತ್ತಿ ಹಿಡಿದ ಸಂಗತಿಯನ್ನು ತಾಳಗುಂದದ ಸಂಸ್ಕೃತ ಸ್ತಂಭಶಾಸನ ತಿಳಿಸುತ್ತದೆ. ಕ್ರಿ.ಶ. 450ರ ಸುಮಾರಿನ ಹಲ್ಮಿಡಿಯ ಕನ್ನಡ ಶಾಸನವೂ ಇದೇ ವಂಶದ ಆಳ್ವಿಕೆಯದು. ಮುಂದೆ ಬನವಾಸಿ ಬಾದಾಮಿ ಚಾಲುಕ್ಯರ ವಶವಾಯಿತು. ವರದೆ ಬಳಸಿದ ಈ ಕೋಟೆಯನ್ನು ಇಮ್ಮಡಿ ಪುಲಕೇಶಿ ಮುತ್ತಿದ್ದನ್ನು ಕ್ರಿ.ಶ. 634ರ ಐಹೊಳೆ ಶಾಸನ ವರ್ಣಿಸುತ್ತದೆ.

ಈ ಚರಿತ್ರೆಯ ಹಲವು ಘಟ್ಟಗಳು ಗುಡಿಯ ಕಲ್ಲಿನಲ್ಲೂ ಕಾಣುತ್ತವೆ. ಜೇನು ಬಣ್ಣದ ಲಿಂಗವಿರುವ ಗರ್ಭಗುಡಿ ಸರಳ; ಅದರ ಮೇಲಿನದು ಮೆಟ್ಟಿಲು ಮೆಟ್ಟಿಲಾಗಿ ಏರುವ ಕದಂಬ ಶೈಲಿಯ ಶಿಖರ. ದೊಡ್ಡ ನಂದಿ ಕುಳಿತಿರುವ ಮುಂದಿನ ಮಂಟಪ ಕಲ್ಯಾಣ ಚಾಲುಕ್ಯರ ಕಾಲದ ಶೈಲಿಯದು. ಅಲ್ಲಿನ ಕಡೆದ ಕಂಬಗಳ ನುಣುಪು ಎಷ್ಟೆಂದರೆ, ಎದುರು ನಿಂತವರ ಬಿಂಬ ಉಬ್ಬಿದ ಕಡೆ ನೆಟ್ಟಗೂ ತಗ್ಗಿದ ಕಡೆ ತಲೆಕೆಳಗಾಗಿಯೂ ಮೂಡುತ್ತದೆ. ಸೂಕ್ಷ್ಮ ಕೆತ್ತನೆಯ ಕಲ್ಲಿನ ಮಂಚ ಸೋದೆ ಅರಸರ ಕಾಣಿಕೆ. ಪ್ರಾಕಾರದ ಸುತ್ತ ದಿಕ್ಪಾಲಕರು ತಮ್ಮ ತಮ್ಮ ವಾಹನಗಳೊಂದಿಗೆ ನಿಂತಿದ್ದಾರೆ. ಬಂದ ಅರಸರು ಹಿಂದಿನವರದನ್ನು ಕೆಡವದೆ ತಮ್ಮದನ್ನು ಸೇರಿಸುತ್ತ ಹೋದದ್ದೇ ಈ ಗುಡಿಯ ಹೆಚ್ಚುಗಾರಿಕೆ.

ಬನವಾಸಿ ನಾಡನ್ನು ಕವಿ ಪಂಪ ತನ್ನ ವಿಕ್ರಮಾರ್ಜುನ ವಿಜಯದಲ್ಲಿ ಮನಸಾರೆ ಹೊಗಳಿದ್ದಾನೆ. ಕರ್ನಾಟಕ ಸರ್ಕಾರದ ಕದಂಬೋತ್ಸವ ಬನವಾಸಿಯಲ್ಲೇ ನಡೆಯುತ್ತದೆ.

ಹತ್ತಿರದ ಗುಡ್ನಾಪುರದಲ್ಲಿ ದೊರೆತ, ಕದಂಬ ಅರಸ ರವಿವರ್ಮನ ಸ್ತಂಭಶಾಸನ ಅರಮನೆಯನ್ನೂ ನೃತ್ಯಶಾಲೆಯನ್ನೂ ಹೆಸರಿಸುತ್ತದೆ. ರಜೆಯಲ್ಲಿ ಊರಿಗೆ ಬರುವ ಕನ್ನಡಿಗರು ಮಕ್ಕಳೊಂದಿಗೆ ಒಂದು ದಿನವನ್ನು ಇಲ್ಲಿಗೆ ಮೀಸಲಿಟ್ಟರೆ ಬನವಾಸಿ, ಗುಡ್ನಾಪುರ ಎರಡನ್ನೂ ನೋಡಿಕೊಂಡು ಸಂಜೆಯೊಳಗೆ ಶಿರಸಿಗೆ ಮರಳಬಹುದು.