ಎರಡು ಮನೆಗಳ ನುಚ್ಚಿನ ಗಂಜಿ

ಒಂದು ನಡುಮಧ್ಯಾಹ್ನ ಕೋಸಲದ ಅರಸ ಪಸೇನದಿ ಬುದ್ಧನನ್ನು ಕಾಣಲು ಬಂದ. ಈ ಬಿಸಿಲ ಹೊತ್ತಿನಲ್ಲಿ ಎಲ್ಲಿಂದ ಬರುತ್ತಿದ್ದೀಯೆ ಎಂದು ಬುದ್ಧ ಕೇಳಿದಾಗ ಅರಸ ನಡೆದದ್ದನ್ನು ಹೇಳಿದ. ಶ್ರಾವಸ್ತಿಯ ಸಾಹುಕಾರನೊಬ್ಬ ಮಕ್ಕಳಿಲ್ಲದೆ ತೀರಿಕೊಂಡಿದ್ದ. ವಾರಸುದಾರರಿಲ್ಲದ ಅವನ ಆಸ್ತಿಯನ್ನು ಅರಮನೆಗೆ ಸಾಗಿಸಿ ಅರಸ ನೇರವಾಗಿ ಅಲ್ಲಿಗೆ ಬಂದಿದ್ದ. ಚಿನ್ನವೇ 80 ಲಕ್ಷ. ಬೆಳ್ಳಿಯ ಲೆಕ್ಕ ಬೇರೆ. ಇಷ್ಟೆಲ್ಲ ಇದ್ದ ಆ ಮನುಷ್ಯ ಉಣ್ಣುತ್ತಿದ್ದದ್ದು ನುಚ್ಚಕ್ಕಿ ಮತ್ತು ಹುಳಿಗಂಜಿ, ಉಡುತ್ತಿದ್ದದ್ದು ಸೆಣಬಿನ ಒರಟು ಬಟ್ಟೆ, ಏರುತ್ತಿದ್ದದ್ದು ಎಲೆಯ ಮಾಡಿನ ಮುರುಕು ಗಾಡಿ. ಪಾಳಿ ತ್ರಿಪಿಟಕದ ಸಂಯುತ್ತ ನಿಕಾಯದಲ್ಲಿ ಈ ಪ್ರಸಂಗ ಬರುತ್ತದೆ.

ಅದೇ ಊರಿನಲ್ಲಿ ಇನ್ನೊಬ್ಬ ಸಾಹುಕಾರನಿದ್ದ. ಹೆಸರು ಸುದತ್ತ. ಗತಿಯಿಲ್ಲದವರಿಗೆ ಅನ್ನ ಇಕ್ಕುತ್ತಿದ್ದುದರಿಂದ ಲೋಕ ಅವನನ್ನು ಅನಾಥಪಿಂಡಿಕ ಎಂದೇ ಕರೆಯಿತು. ರಾಜಕುಮಾರ ಜೇತನ ತೋಟದ ನೆಲಕ್ಕೆ ನಾಣ್ಯ ಹಾಸಿ ಅದನ್ನು ಕೊಂಡು, ಬುದ್ಧನಿಗೂ ಸಂಘಕ್ಕೂ ಜೇತವನ ವಿಹಾರ ಕಟ್ಟಿಸಿಕೊಟ್ಟವನು ಅವನೇ. ಗಾಡಿಯಿಂದ ನಾಣ್ಯ ಇಳಿಸಿ ನೆಲಕ್ಕೆ ಹಾಸುವ ಆ ದೃಶ್ಯವನ್ನು ಭಾರ್‌ಹುತ್ ಸ್ತೂಪದ ಕಲ್ಲಿನಲ್ಲಿ ಇಂದಿಗೂ ನೋಡಬಹುದು. ಇಂಥವನಿಗೂ ಬಡತನ ಬಂತು. ಸಾಲ ಪಡೆದವರು 18 ಕೋಟಿ ಹಿಂದಿರುಗಿಸಲಿಲ್ಲ, ಹೊಳೆಯ ದಂಡೆಯಲ್ಲಿ ಹೂತಿಟ್ಟಿದ್ದ ಇನ್ನೂ 18 ಕೋಟಿ ನೀರುಪಾಲಾಯಿತು ಎನ್ನುತ್ತವೆ ಜಾತಕದ ವ್ಯಾಖ್ಯಾನಗಳು. ನಿನ್ನ ಮನೆಯಲ್ಲಿ ದಾನ ನಡೆಯುತ್ತಿದೆಯೇ ಎಂದು ಬುದ್ಧ ಒಮ್ಮೆ ಕೇಳಿದಾಗ ಅವನು ಹೇಳಿದ: ನಡೆಯುತ್ತಿದೆ, ಆದರೆ ಕೊಡುತ್ತಿರುವುದು ನುಚ್ಚಕ್ಕಿ ಮತ್ತು ಹುಳಿಗಂಜಿ.

ಈ ಎರಡು ಪ್ರಸಂಗಗಳ ಸುತ್ತಗಳಲ್ಲಿ, ಅಂದರೆ ಬುದ್ಧನ ಉಪದೇಶದ ಪಾಠಗಳಲ್ಲಿ, ಈ ಊಟಕ್ಕೆ ಬಳಕೆಯಾದ ಪಾಳಿ ಮಾತುಗಳು ಒಂದೇ: ಕಣಾಜಕ ಮತ್ತು ಬಿಲಂಗ. ಒಂದು ಮನೆಯಲ್ಲಿ ಚಿನ್ನದ ರಾಶಿಯ ಪಕ್ಕ ಕೂತು ಒಬ್ಬನೇ ಸುರಿದುಕೊಂಡ ಗಂಜಿ. ಇನ್ನೊಂದರಲ್ಲಿ ಎಲ್ಲ ಕಳೆದುಹೋದ ಮೇಲೂ ಬಂದವರಿಗೆ ಬಡಿಸಿದ ಗಂಜಿ. ಬಾಳಿನ ಗೆಲುವನ್ನು ಬೌದ್ಧ ದೃಷ್ಟಿ ಎಲ್ಲಿ ಹುಡುಕುತ್ತದೆ ಎಂಬುದು ಈ ಎರಡು ಮನೆಗಳನ್ನು ಅಕ್ಕಪಕ್ಕ ಇಟ್ಟರೆ ತಿಳಿಯುತ್ತದೆ.

ಮೊದಲ ಸಾಹುಕಾರನ ಬಗ್ಗೆ ಬುದ್ಧ ಕೊಟ್ಟ ತೀರ್ಪನ್ನು ಗಮನಿಸಬೇಕು. ಹಣ ಗಳಿಸಿದ್ದಕ್ಕೆ ಅವನನ್ನು ಹಳಿಯಲಿಲ್ಲ. ಗಳಿಸಿದ್ದನ್ನು ತಾನು ಉಣ್ಣಲಿಲ್ಲ; ತಂದೆತಾಯಿ, ಹೆಂಡತಿ, ಆಳುಕಾಳು, ಗೆಳೆಯರು, ಯಾರನ್ನೂ ಸುಖವಾಗಿಡಲಿಲ್ಲ. ನರಮನುಷ್ಯರು ಸುಳಿಯದ ಕಾಡಿನಲ್ಲಿ ತಿಳಿನೀರಿನ ತಾವರೆಗೊಳವಿದ್ದು, ಯಾರೂ ಕುಡಿಯದೆ, ಮೀಯದೆ ಆ ನೀರು ಬತ್ತಿಹೋದ ಹಾಗೆ ಎಂದ ಬುದ್ಧ. ಅದೇ ಕೊಳ ಊರ ಮಗ್ಗುಲಲ್ಲಿದ್ದರೆ ನೀರು ನೀರಾಗಿ ಬದುಕುತ್ತದೆ.

ಹಾಗಾದರೆ ಸಂಸಾರಿಗಳು ಹೇಗೆ ಬಾಳಬೇಕು? ಕೋಲಿಯರ ನಾಡಿನ ದೀಘಜಾಣು ಎಂಬಾತ ಇದನ್ನೇ ಮನಬಿಚ್ಚಿ ಕೇಳಿದ. ನಾವು ಮಕ್ಕಳೊಂದಿಗರು, ಕಾಶಿಯ ಗಂಧ ಪೂಸುವವರು, ಹೂ ಮುಡಿಯುವವರು, ಬೆಳ್ಳಿ ಬಂಗಾರ ಮುಟ್ಟುವವರು. ನಮಗೆ ಇಹಕ್ಕೂ ಪರಕ್ಕೂ ಹಿತವಾಗುವುದನ್ನು ಹೇಳಿ ಎಂದ. ಬುದ್ಧ ಇಹದ ಹಿತಕ್ಕೆ ನಾಲ್ಕು ಹೇಳಿದ. ಬೇಸಾಯವೋ ವ್ಯಾಪಾರವೋ ಅರಸನ ಚಾಕರಿಯೋ, ಹಿಡಿದ ಕೆಲಸದಲ್ಲಿ ನುರಿತು ದುಡಿಯುವುದು. ಬೆವರು ಸುರಿಸಿ ನ್ಯಾಯವಾಗಿ ಗಳಿಸಿದ್ದನ್ನು ಕಾಪಾಡಿಕೊಳ್ಳುವುದು. ಒಳ್ಳೆಯವರ ಒಡನಾಟ. ಆದಾಯಕ್ಕೆ ತಕ್ಕ ಸಮತೂಕದ ಬಾಳ್ವೆ. ಕೊನೆಯದನ್ನು ವಿವರಿಸಲು ತಕ್ಕಡಿ ಹಿಡಿದವನ ಹೋಲಿಕೆ ತಂದ. ಗಳಿಕೆಗೆ ಮೀರಿ ಖರ್ಚು ಮಾಡುವವನು ಅತ್ತಿಹಣ್ಣು ತಿನ್ನುವವನಂತೆ ಸಿರಿಯನ್ನು ಹಾಳುಮಾಡುತ್ತಾನೆ. ತುಂಬ ಗಳಿಸಿಯೂ ಬಿಗಿಹಿಡಿಯುವವನು ಹಸಿದವನಂತೆ ಸಾಯುತ್ತಾನೆ. ಅವನ ಇನ್ನೊಂದು ಹೋಲಿಕೆ ಕೆರೆಯದು: ನೀರು ಬರುವ ದಾರಿಗಳನ್ನು ಮುಚ್ಚಿ ತೂಬುಗಳನ್ನು ತೆರೆದಿಟ್ಟರೆ ಏನಾಗುತ್ತದೆಂದು ಕೆರೆಯ ನಾಡಿನವರಾದ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಸ್ತ್ರೀಲೋಲುಪತೆ, ಕುಡಿತ, ಜೂಜು, ಕೆಟ್ಟ ಸಹವಾಸ ಇವು ಬುದ್ಧ ಹೆಸರಿಸಿದ ನಾಲ್ಕು ತೂಬುಗಳು.

ಪರದ ಹಿತಕ್ಕೆ ಹೇಳಿದ್ದೂ ನಾಲ್ಕು: ಶ್ರದ್ಧೆ, ಶೀಲ, ತ್ಯಾಗ, ಪ್ರಜ್ಞೆ. ದುಡಿಮೆ, ರಕ್ಷಣೆಗಳಿಗೆ ಹಚ್ಚಿದ 'ಸಂಪದಾ' ಎಂಬ ಮಾತನ್ನೇ ಬುದ್ಧ ಇವುಗಳಿಗೂ ಹಚ್ಚಿದ್ದಾನೆ. ಕನ್ನಡದ ಸಂಪತ್ತು ಇದರ ಒಡಹುಟ್ಟು. ನಾವು ಈ ಪದವನ್ನು ಹಣಕಾಸಿಗೆ ಕಟ್ಟಿಹಾಕಿದ್ದೇವೆ. ಪಾಳಿಯಲ್ಲಿ ಅದರ ಅರ್ಥ ತುಂಬಿಕೊಳ್ಳುವುದು, ಕೈಗೂಡುವುದು. ಬೆವರಿನಲ್ಲೂ ಸಂಪತ್ತಿದೆ, ಬಿಟ್ಟುಕೊಡುವುದರಲ್ಲೂ ಸಂಪತ್ತಿದೆ.

ಅನಾಥಪಿಂಡಿಕನಿಗೆ ಬುದ್ಧ ಗೃಹಸ್ಥನ ನಾಲ್ಕು ಸುಖಗಳನ್ನು ಎಣಿಸಿ ಹೇಳಿದ ಸುತ್ತವೂ ಇದೆ. ಇದೆ ಎನ್ನುವ ಸುಖ, ಅದನ್ನು ಅನುಭವಿಸುವ ಸುಖ, ಸಾಲವಿಲ್ಲದ ಸುಖ, ಕಳಂಕವಿಲ್ಲದ ಸುಖ. ಮೈ, ಮಾತು, ಮನಸ್ಸುಗಳಲ್ಲಿ ತಪ್ಪು ಹೊತ್ತುಕೊಳ್ಳದವನ ನೆಮ್ಮದಿಯೇ ಕೊನೆಯ ಸುಖ, ಪಾಳಿಯಲ್ಲಿ ಅನವಜ್ಜಸುಖ. ಮೊದಲ ಮೂರೂ ಇದರ ಹದಿನಾರರಲ್ಲಿ ಒಂದು ಪಾಲಿಗೂ ಸಮವಲ್ಲ ಎಂದ ಬುದ್ಧ. ನಮ್ಮ ಹಳೆಯ ಲೆಕ್ಕದಲ್ಲಿ ಹೇಳಿದರೆ, ಕಳಂಕವಿಲ್ಲದ ಸುಖ ಒಂದು ರೂಪಾಯಿಯಾದರೆ ಉಳಿದವು ಒಂದಾಣೆಗೂ ಬಾಳವು. ಮೊದಲ ಮೂರನ್ನೂ ಅವನು ಸುಖವೆಂದೇ ಕರೆದ, ಅಲ್ಲಗಳೆಯಲಿಲ್ಲ. ಆದರೆ ಅವು ಹೊಳೆಯ ದಂಡೆಯಲ್ಲಿ ಹೂತಿಟ್ಟವು. ನಾಲ್ಕನೆಯದನ್ನು ಯಾವ ನೆರೆಯೂ ಕೊಚ್ಚಿಕೊಂಡು ಹೋಗದು.

ನೆರೆ ಬಂದೇ ಬರುತ್ತದೆ. ಲಾಭ ನಷ್ಟ, ಯಶಸ್ಸು ಅಪಯಶಸ್ಸು, ನಿಂದೆ ಹೊಗಳಿಕೆ, ಸುಖ ದುಃಖ ಈ ಎಂಟನ್ನು ಬುದ್ಧ ಲೋಕಧರ್ಮಗಳೆಂದ. ಲೋಕ ಇವುಗಳ ಸುತ್ತ ತಿರುಗುತ್ತದೆ, ಇವು ಲೋಕದ ಸುತ್ತ ತಿರುಗುತ್ತವೆ. ನಾವು ಬದುಕಿನ ಗುರಿಯೆಂದು ಮಕ್ಕಳಿಗೆ ಕಲಿಸುವ ಯಶಸ್ಸು ಈ ಪಟ್ಟಿಯಲ್ಲಿ ಬಂದುಹೋಗುವ ಎಂಟರಲ್ಲಿ ಒಂದು ಮಾತ್ರ. ಅದರ ಜೋಡಿ ಪಕ್ಕದಲ್ಲೇ ನಿಂತಿದೆ. ತಿಳಿದವನಿಗೂ ತಿಳಿಯದವನಿಗೂ ಈ ಎಂಟೂ ಒದಗುತ್ತವೆ. ಬಂದದ್ದು ನಿಲ್ಲದು ಎಂದು ಅರಿತವನ ಮನಸ್ಸನ್ನು ಅವು ಆಳುವುದಿಲ್ಲ, ಅಷ್ಟೇ ವ್ಯತ್ಯಾಸ. ಅನಾಥಪಿಂಡಿಕನ ಒಲೆಯ ಮೇಲೆ ನುಚ್ಚು ಬೆಂದದ್ದು ನಷ್ಟದಿಂದ. ಆದರೂ ಅವನ ಕೈ ನೀಡುವುದನ್ನು ಮರೆಯಲಿಲ್ಲ. ಕೊಡುವುದು ಒರಟಾಗಿರಲಿ ಸೊಗಸಾಗಿರಲಿ, ಆದರದಿಂದ, ಸ್ವಂತ ಕೈಯಿಂದ, ಎಸೆಯುವಂತಲ್ಲದೆ ಕೊಡು ಎಂಬುದು ಅವನಿಗೆ ಬುದ್ಧನಿಂದ ಸಿಕ್ಕ ಉತ್ತರ.

ಅವನ ಕೊನೆಗಾಲದ ವಿವರ ಮಜ್ಝಿಮ ನಿಕಾಯದಲ್ಲಿದೆ. ಹಾಸಿಗೆ ಹಿಡಿದಿದ್ದ ಅವನ ಬಳಿ ಬುದ್ಧನ ಶಿಷ್ಯ ಸಾರಿಪುತ್ತ ಕೂತು, ಕಣ್ಣಿಗೆ, ಕಿವಿಗೆ, ಕೊನೆಗೆ ಈ ಲೋಕಕ್ಕೂ ಮುಂದಿನ ಲೋಕಕ್ಕೂ ಅಂಟಿಕೊಳ್ಳದಿರುವುದನ್ನು ಬೋಧಿಸಿದ. ಅನಾಥಪಿಂಡಿಕ ಅತ್ತ. ಕುಸಿಯುತ್ತಿದ್ದೀಯಾ ಎಂದು ಜೊತೆಗೆ ಬಂದಿದ್ದ ಭಿಕ್ಷು ಆನಂದ ಕೇಳಿದ. ಇಲ್ಲ, ಇಷ್ಟು ಕಾಲ ಸೇವೆ ಮಾಡಿದರೂ ಇಂಥ ಮಾತು ಕೇಳಿರಲಿಲ್ಲ ಎಂದ ಆತ. ಬಿಳಿಬಟ್ಟೆಯ ಸಂಸಾರಿಗಳಿಗೆ ಇದನ್ನು ಹೇಳುವುದಿಲ್ಲ ಎಂಬ ಉತ್ತರ ಬಂದಾಗ, ಹೇಳಿ ಎಂದು ಬೇಡಿಕೊಂಡ: ಕಣ್ಣಲ್ಲಿ ಹೆಚ್ಚು ಧೂಳಿಲ್ಲದ ಸಂಸಾರಿಗಳೂ ಇದ್ದಾರೆ, ಕೇಳದೆ ಅವರು ಕೆಡುತ್ತಾರೆ. ಸಾವಿನ ಹೊಸ್ತಿಲಲ್ಲಿ ತನಗೆ ದಕ್ಕಿದ್ದನ್ನೂ ಅವನು ಹಂಚಲು ಹೊರಟಿದ್ದ.

ಆ ಬೇಡಿಕೆಯ ದನಿ ನಮ್ಮ ನೆಲದ ಬಂಡೆಗಳ ಮೇಲೂ ಇದೆ ಎಂದು ನನಗೆ ಅನ್ನಿಸುತ್ತದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ 1892ರಲ್ಲಿ ಅಶೋಕನ ಶಾಸನಗಳನ್ನು ಪತ್ತೆಹಚ್ಚಿದರು. ಬೌದ್ಧ ಉಪಾಸಕನಾದ ಮೊದಲ ವರ್ಷ ತಾನು ಹೆಚ್ಚು ಶ್ರಮಿಸಲಿಲ್ಲವೆಂದು ಚಕ್ರವರ್ತಿ ಅಲ್ಲಿ ಒಪ್ಪಿಕೊಳ್ಳುತ್ತಾನೆ. ಆಮೇಲೆ ಪ್ರಯತ್ನದಿಂದ ತನಗೆ ದೊರೆತದ್ದು ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಿಸಿದರೆ ಸಣ್ಣವರಿಗೂ ದೊರೆಯುತ್ತದೆ ಎನ್ನುತ್ತಾನೆ. ಸಾಮ್ರಾಜ್ಯವೇ ಇದ್ದವನು ಹೇಳಿದ ಮಾತಿದು.

ಒಬ್ಬರು ತೀರಿಕೊಂಡಾಗ ನಮ್ಮ ಊರುಗಳಲ್ಲಿ ಹಿರಿಯರು ಅವರ ಯಶಸ್ಸನ್ನು ಎಣಿಸುವುದಿಲ್ಲ, ಬದುಕು ಸಾರ್ಥಕವಾಯಿತು ಎನ್ನುತ್ತಾರೆ. ಆ ಪದಕ್ಕೆ ಬೇಕಾದ ಅರ್ಹತೆ 80 ಲಕ್ಷ ಚಿನ್ನದಿಂದ ಸಿಗಲಿಲ್ಲ. ಒಂದು ಬಟ್ಟಲು ನುಚ್ಚಿನ ಗಂಜಿಯನ್ನು ಆದರದಿಂದ ಬಡಿಸಿದ ಕೈಗೆ ಸಿಕ್ಕಿತು.