ದೆವ್ವದ ಮನೆಯ ಮೆಟ್ಟಿಲು

ಬಸ್ಟರ್ ಕೀಟನ್‌ನ ‘ದ ಹಾಂಟೆಡ್ ಹೌಸ್’ ಸಿನಿಮಾದಲ್ಲಿ ಒಂದು ಮೆಟ್ಟಿಲಿದೆ. ನೋಡೋಕೆ ಮಾಮೂಲಿ ಮೆಟ್ಟಿಲು. ಕೀಟನ್ ಹತ್ತುತ್ತಾನೆ. ಇನ್ನೇನು ಮೇಲೆ ತಲುಪಬೇಕು, ಅಷ್ಟರಲ್ಲಿ ಮೆಟ್ಟಿಲೆಲ್ಲ ಮಡಚಿಕೊಂಡು ನುಣ್ಣನೆಯ ಜಾರುಬಂಡೆ ಆಗಿಬಿಡುತ್ತದೆ. ಸರ್ರಂತ ಕೆಳಗೆ. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲ್ಲ. ಎದ್ದು ಮತ್ತೆ ಹತ್ತುತ್ತಾನೆ. 1921ರ ಮೂಕಿ ಚಿತ್ರ, ಎರಡು ರೀಲು, ಇಪ್ಪತ್ತು ನಿಮಿಷದ ಆಸುಪಾಸು. ಒಂದು ಊಟದ ಬ್ರೇಕಲ್ಲಿ ನೋಡಿ ಮುಗಿಸಬಹುದು.

ಕಥೆ ಇಷ್ಟೇ. ಖೋಟಾನೋಟಿನ ಗ್ಯಾಂಗೊಂದು ಹಳೇ ಬಂಗಲೆಯಲ್ಲಿ ಅಡಗಿಕೊಂಡಿದೆ. ಜನ ಹತ್ತಿರ ಬರಬಾರದು ಅಂತ ಮನೆಗೆ ದೆವ್ವ ಹಿಡಿದಿದೆ ಅನ್ನೋ ಹೆಸರು ಕಟ್ಟಿದ್ದಾರೆ. ಬಿಳಿ ಬಟ್ಟೆ ಹೊದ್ದವರು ಓಡಾಡುತ್ತಾರೆ, ಅಸ್ಥಿಪಂಜರಗಳು ಕುಣಿಯುತ್ತವೆ, ಮೆಟ್ಟಿಲು ಜಾರುತ್ತದೆ. ಕೀಟನ್ ಪಾಪ ಬ್ಯಾಂಕ್ ಗುಮಾಸ್ತ. ಕೌಂಟರಲ್ಲಿ ನೋಟಿಗೆಲ್ಲ ಅಂಟು ಮೆತ್ತಿಸಿಕೊಂಡು ರಾಮಾಯಣ ಮಾಡಿ, ಕೊನೆಗೆ ಕಳ್ಳನ ಪಟ್ಟ ಹೊತ್ತು ಇದೇ ಮನೆಗೆ ಓಡಿ ಬರುತ್ತಾನೆ. ಅದೇ ಹೊತ್ತಿಗೆ ‘ಫೌಸ್ಟ್’ ನಾಟಕ ಆಡುತ್ತಿದ್ದ ತಂಡವೊಂದು ರಂಗದಿಂದ ಓಡಿ, ವೇಷದಲ್ಲೇ ಬಂದು ಸೇರಿಕೊಳ್ಳುತ್ತದೆ. ಈಗ ಮನೆಯಲ್ಲಿ ಎರಡು ಥರದ ಸುಳ್ಳು ದೆವ್ವಗಳು. ಒಂದು ಕಳ್ಳರದ್ದು, ಇನ್ನೊಂದು ಕಲಾವಿದರದ್ದು.

ನಮಗೆ ನಗು ಬರೋದು ಒಳಗಿನ ಗುಟ್ಟು ಗೊತ್ತಿರೋದ್ರಿಂದ. ಅವನಿಗೆ ಗೊತ್ತಿಲ್ಲ, ಹಾಗಾಗಿ ಹೆದರುತ್ತಾನೆ. ಆದರೆ ಈ ಸಿನಿಮಾ ಕಾಡಿದ್ದು ನಗುವಿಂದಲ್ಲ, ಅದು ಎಬ್ಬಿಸುವ ಒಂದು ಪ್ರಶ್ನೆಯಿಂದ. ಕಳ್ಳರು ಹೆದರಿಸೋದು ತಪ್ಪು ಅನ್ನೋಕೆ ಯಾರಿಗೂ ಕಷ್ಟವಿಲ್ಲ. ಅದೇ ಮೆಟ್ಟಿಲನ್ನ ಒಳ್ಳೆಯವರು ಒಳ್ಳೇ ಉದ್ದೇಶಕ್ಕೆ ಇಟ್ಟರೆ? ಒಬ್ಬರ ಒಳಿತಿಗೋಸ್ಕರ ಅವರನ್ನು ಸುಳ್ಳು ಹೇಳಿ ಹೆದರಿಸಬಹುದಾ?

ಹಳ್ಳಿಯಲ್ಲಿ ಬೆಳೆದ ನನ್ನಂಥವರಿಗೆ ಇದು ಪುಸ್ತಕದ ಪ್ರಶ್ನೆ ಅಲ್ಲ. ‘ಕೆರೆ ಕಡೆ ಹೋಗ್ಬೇಡ ಮಗಾ, ಹುಣಸೆಮರದಾಗೆ ದೆವ್ವ ಐತೆ’ ಅಂತ ಕೇಳಿಸಿಕೊಂಡೇ ದೊಡ್ಡವರಾದವರು ನಾವು. ಹೇಳುತ್ತಿದ್ದ ಅಜ್ಜಿಗೆ ಖೋಟಾನೋಟಿನ ದಂಧೆ ಇರಲಿಲ್ಲ. ಇದ್ದದ್ದು ಒಂದೇ ಕಾಳಜಿ, ಮಗು ನೀರಿಗೆ ಬೀಳಬಾರದು. ನಾಲ್ಕು ವರ್ಷದ ಮಗುವಿಗೆ ಹೂಳು, ಆಳ ಎಲ್ಲ ವಿವರಿಸೋಕಾಗುತ್ತಾ? ದೆವ್ವ ಅಂದರೆ ಒಂದೇ ಮಾತಲ್ಲಿ ಕೆಲಸ ಮುಗಿಯುತ್ತೆ. ಈ ವಾದವನ್ನ ಸುಲಭಕ್ಕೆ ತಳ್ಳಿಹಾಕೋಕಾಗಲ್ಲ. ಆ ದೆವ್ವ ಎಷ್ಟೋ ಮಕ್ಕಳ ಜೀವ ಉಳಿಸಿರಬಹುದು.

ಆದರೂ ಎಚ್ಚರಿಸೋದು ಬೇರೆ, ಹೆದರಿಸೋದು ಬೇರೆ ಅನ್ನಿಸುತ್ತೆ. ವ್ಯತ್ಯಾಸ ತಿಳಿಯೋಕೆ ಎರಡು ಪ್ರಶ್ನೆ ಸಾಕು. ಒಂದು, ಹತ್ತಿರ ಹೋಗಿ ನೋಡಿದರೆ ಮಾತು ನಿಲ್ಲುತ್ತಾ? ‘ಕೆರೆ ಆಳ ಇದೆ’ ಅನ್ನೋದು ಕೋಲು ಹಾಕಿ ನೋಡಿದರೂ ನಿಜವೇ. ದೆವ್ವ ಇದೆ ಅನ್ನೋದು ಹತ್ತಿರ ಹೋಗದೇ ಇರೋವಷ್ಟು ದಿನ ಮಾತ್ರ ನಿಜ. ಎರಡು, ಹೇಳಿದವರು ಎದ್ದು ಹೋದರೂ ಅಪಾಯ ಅಲ್ಲೇ ಇರುತ್ತಾ? ಕೆರೆಯ ಆಳ ಅಜ್ಜಿ ಇದ್ದರೂ ಇಲ್ಲದಿದ್ದರೂ ಅಷ್ಟೇ. ಕಳ್ಳರ ಮೆಟ್ಟಿಲು ಮಾತ್ರ ಯಾರೋ ಅದನ್ನು ಆಡಿಸಿದಾಗಲೇ ಜಾರೋದು.

ಅಜ್ಜಿಯ ದೆವ್ವದ ತೊಂದರೆ ಇಲ್ಲೇ ಇದೆ. ಅದು ಮಗುವನ್ನ ನೀರಿಂದ ದೂರ ಇಟ್ಟಿತು ನಿಜ, ಈಜು ಕಲಿಸಲಿಲ್ಲ. ಹುಡುಗನಿಗೆ ಹನ್ನೆರಡಾಗಿ ‘ದೆವ್ವ ಗಿವ್ವ ಎಲ್ಲ ಬರೀ ಓಳು’ ಅಂತ ಗೊತ್ತಾದ ದಿನ, ಅವನು ದೆವ್ವದ ಜೊತೆಗೆ ಕೆರೆಯ ಭಯವನ್ನೂ ಬಿಟ್ಟುಬಿಡುತ್ತಾನೆ. ಸುಳ್ಳಿನ ಬೇಲಿ ಬಿದ್ದಾಗ ಅದರ ಹಿಂದಿದ್ದ ನಿಜವೂ ಜೊತೆಗೇ ಬೀಳುತ್ತೆ. ಹಾಗಾಗಿ ನಾಲ್ಕು ವರ್ಷದವನಿಗೆ ದೆವ್ವ ಹೇಳಿದ್ದನ್ನ ಸಾಲ ಅಂತ ಒಪ್ಪಬಹುದೇನೋ. ಅವನಿಗೆ ಬುದ್ಧಿ ಬಂದಾಗ ನಿಜ ಹೇಳಿ ಆ ಸಾಲ ತೀರಿಸಬೇಕು.

ಹಾಗಂತ ‘ಭಯವೆಲ್ಲ ಸುಳ್ಳು, ನಕ್ಕು ಮುಂದೆ ಹೋಗು’ ಅನ್ನೋ ತೀರ್ಮಾನಕ್ಕೂ ಬರಬಾರದು. ಅದಕ್ಕೆ ಇನ್ನೊಂದು ಬಂಗಲೆಯ ಕಥೆ ಇದೆ. ಹೆರಾಲ್ಡ್ ಲಾಯ್ಡ್‌ನ ‘ಹಾಂಟೆಡ್ ಸ್ಪೂಕ್ಸ್’, 1920ರ ಚಿತ್ರ. ಇದರ ಚಿತ್ರೀಕರಣದ ನಡುವೆ, 1919ರ ಆಗಸ್ಟಿನಲ್ಲಿ, ಲಾಯ್ಡ್ ಪ್ರಚಾರದ ಫೋಟೋಗೆ ನಿಂತಿದ್ದ. ಕೈಯಲ್ಲಿ ಸಿನಿಮಾಕ್ಕೆ ಬಳಸುವ ಡಮ್ಮಿ ಬಾಂಬು, ಅದರ ಬತ್ತಿಯಿಂದ ಸಿಗರೇಟು ಹಚ್ಚುವ ಪೋಸು. ಆದರೆ ಅದು ಡಮ್ಮಿ ಆಗಿರಲಿಲ್ಲ. ಸಿಡಿದು ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಹೋದವು. ತಿಂಗಳುಗಟ್ಟಲೆ ನಿಂತಿದ್ದ ಚಿತ್ರವನ್ನ ಆಮೇಲೆ ಬೆರಳು ಮರೆಸುವ ಕೈಗವಸು ತೊಟ್ಟು ಮುಗಿಸಿದ.

ಎಂಥ ವಿಚಿತ್ರ ನೋಡಿ. ತೆರೆಯ ಮೇಲೆ ಸುಳ್ಳು ದೆವ್ವವನ್ನ ನಿಜ ಅಂದುಕೊಂಡು ಓಡುತ್ತಾರೆ. ತೆರೆಯ ಹಿಂದೆ ನಿಜದ ಬಾಂಬನ್ನ ಸುಳ್ಳು ಅಂದುಕೊಂಡು ನಗುತ್ತಾರೆ. ಎರಡೂ ಕಡೆ ಕೊರತೆ ಒಂದೇ. ಯಾರೂ ಪರೀಕ್ಷಿಸಿ ನೋಡಿಲ್ಲ. ಧೈರ್ಯ ಅಂದರೆ ಹೆದರದೇ ಇರೋದು ಅನ್ನೋದಕ್ಕಿಂತ, ಯಾವುದಕ್ಕೆ ಹೆದರಬೇಕು ಅಂತ ನೋಡಿ ತಿಳಿಯೋದು ಅನ್ನೋದು ಹೆಚ್ಚು ಸರಿ.

ಲಾಯ್ಡ್ ಚಿತ್ರದಲ್ಲಿ ಮುಜುಗರ ಕೊಡುವ ಇನ್ನೊಂದು ಸಂಗತಿಯೂ ಇದೆ. ಮನೆ ಆಸ್ತಿಯ ವಾರಸುದಾರಳು ಗಂಡನ ಜೊತೆ ಒಂದು ವರ್ಷ ಅಲ್ಲಿ ವಾಸ ಮಾಡಬೇಕು, ಇಲ್ಲದಿದ್ದರೆ ಆಸ್ತಿ ಚಿಕ್ಕಪ್ಪನಿಗೆ. ಅವನು ಓಡಿಸೋಕೆ ದೆವ್ವದ ನಾಟಕ ಹೂಡುತ್ತಾನೆ. ಜಗಳ ಇರೋದು ಆಸ್ತಿ ಇರುವವರ ನಡುವೆ. ಆದರೆ ಚಿತ್ರ ನಗು ಕೀಳೋದು ಬಹುಪಾಲು ಮನೆಯ ಕಪ್ಪು ಆಳುಗಳ ಭಯದಿಂದ. ಅವರು ನಡುಗಬೇಕು, ನಾವು ನಗಬೇಕು. ನಾಯಕನೂ ಹೆದರುತ್ತಾನೆ, ಕೂದಲು ನೆಟ್ಟಗೆ ನಿಲ್ಲುತ್ತೆ. ಆದರೆ ಕೊನೆಗೆ ಅವನಿಗೆ ಹೆಂಡತಿ ಇದ್ದಾಳೆ, ಮನೆ ಇದೆ. ಆಳುಗಳಿಗೆ ಸಿಕ್ಕಿದ್ದು ಭಯ ಮಾತ್ರ. ಕೀಟನ್‌ನ ಚಿತ್ರ ನನಗೆ ಹೆಚ್ಚು ಇಷ್ಟವಾಗೋದು ಅದಕ್ಕೇ. ಅಲ್ಲಿ ಮೆಟ್ಟಿಲು ಜಾರಿಸೋದು ನಾಯಕನನ್ನೇ.

ಇದು ನೂರು ವರ್ಷದ ಹಳೇ ಮಾತು ಅಂದುಕೊಳ್ಳಬೇಡಿ. 2019ರ ನವೆಂಬರಿನಲ್ಲಿ ಬೆಂಗಳೂರಿನ ಯಶವಂತಪುರದ ಕಡೆ ದೆವ್ವದ ವೇಷ ಹಾಕಿ ರಾತ್ರಿ ಜನರನ್ನ ಹೆದರಿಸುತ್ತಿದ್ದ ಏಳು ಹುಡುಗರನ್ನ ಪೊಲೀಸರು ಹಿಡಿದರು. ಯೂಟ್ಯೂಬ್ ಪ್ರ್ಯಾಂಕ್ ಅಂತೆ. ನಮ್ಮಲ್ಲಿ ಬಹಳ ಜನ ಆ ಸುದ್ದಿಯನ್ನ ನಗುವ ಎಮೋಜಿ ಹಾಕಿ ಫಾರ್ವರ್ಡ್ ಮಾಡಿರುತ್ತಾರೆ. ಸರಿರಾತ್ರಿಯಲ್ಲಿ ಆ ರಸ್ತೆಯಲ್ಲಿ ಇರೋರು ಯಾರು ಅಂತ ಯೋಚಿಸಿದರೆ ನಗು ಸ್ವಲ್ಪ ಕಡಿಮೆ ಆಗುತ್ತೆ. ಆಟೋದವರು, ಶಿಫ್ಟ್ ಮುಗಿಸಿ ನಡೆದು ಹೋಗೋರು. ಬಾಗಿಲು ಹಾಕಿಕೊಂಡು ಮಲಗೋಕೆ ಅನುಕೂಲ ಇರೋರಲ್ಲ.

ಇನ್ನು ನಮ್ಮ ಐಟಿ ಜನಕ್ಕೆ ದೆವ್ವದ ಮನೆ ಗೊತ್ತೇ ಇಲ್ಲ ಅಂತೇನಿಲ್ಲ. ಹಳೇ ಪ್ರಾಜೆಕ್ಟುಗಳಲ್ಲಿ ‘ಆ ಮಾಡ್ಯೂಲ್ ಮಾತ್ರ ಮುಟ್ಟಬೇಡ’ ಅನ್ನೋ ಫೋಲ್ಡರ್ ಒಂದಿರುತ್ತೆ. ಯಾಕೆ ಅಂತ ಕೇಳಿದರೆ ‘ಮುಟ್ಟಿದೋರು ಉದ್ಧಾರ ಆಗಿಲ್ಲ’ ಅನ್ನೋ ಥರದ ಉತ್ತರ. ಹೊಸದಾಗಿ ಸೇರಿದ ಹುಡುಗಿ ಹೆದರಿ ದೂರ ಇರುತ್ತಾಳೆ. ಅವಳಿಗೆ ಹಾಗೆ ಹೇಳಿದ ಸೀನಿಯರ್ ಕೆಟ್ಟವನಲ್ಲ, ಪ್ರೊಡಕ್ಷನ್ ಬೀಳಬಾರದು ಅನ್ನೋದಷ್ಟೇ ಅವನ ಕಾಳಜಿ. ‘ಇದನ್ನ ಬದಲಾಯಿಸಿದರೆ ಬಿಲ್ಲಿಂಗ್ ನಿಲ್ಲುತ್ತೆ, ಟೆಸ್ಟ್ ಇಲ್ಲ, ಬಾ ತೋರಿಸ್ತೀನಿ’ ಅಂದಿದ್ದರೆ ಅದು ಎಚ್ಚರಿಕೆ. ಅಷ್ಟು ಹೇಳೋಕೆ ಅರ್ಧ ಗಂಟೆ ಬೇಕು. ದೆವ್ವಕ್ಕೆ ಅರ್ಧ ನಿಮಿಷ ಸಾಕು. ಒಳ್ಳೆಯವರೂ ಹೆದರಿಸೋಕೆ ಇಳಿಯೋದು ಬಹಳ ಸಲ ಈ ಅರ್ಧ ಗಂಟೆ ಉಳಿಸೋಕೆ.

ಕೀಟನ್‌ನ ಚಿತ್ರದ ಕೊನೆ ಇನ್ನೂ ಬಾಕಿ ಇದೆ. ಕಳ್ಳರ ಬಣ್ಣ ಬಯಲಾಗಿದೆ. ತಲೆಗೆ ಪೆಟ್ಟು ಬಿದ್ದು ಕೀಟನ್‌ಗೆ ಕನಸು. ಸ್ವರ್ಗಕ್ಕೆ ಉದ್ದನೆಯ ಮೆಟ್ಟಿಲು, ಒಂದೊಂದೇ ಹತ್ತಿ ಬಾಗಿಲು ಮುಟ್ಟುತ್ತಾನೆ. ಒಳಗೆ ಬಿಡಲ್ಲ. ಮೆಟ್ಟಿಲು ಮತ್ತೆ ಜಾರುಬಂಡೆ! ಜಾರಿ ಜಾರಿ ನೇರ ನರಕಕ್ಕೆ. ಕಳ್ಳರ ಮನೆಯ ಮೆಟ್ಟಿಲನ್ನೇ ಕೀಟನ್ ಸ್ವರ್ಗದ ಬಾಗಿಲಿಗೂ ಹಾಕಿಬಿಟ್ಟಿದ್ದಾನೆ. ತಮಾಷೆಗೇ ಇರಬಹುದು. ಆದರೆ ಜಾರಿ ಬೀಳುವವನ ಕಡೆಯಿಂದ ನೋಡಿದರೆ, ಎಳೆದ ಕೈ ಕಳ್ಳನದ್ದೋ ಪುಣ್ಯಾತ್ಮನದ್ದೋ ಅನ್ನೋದರಿಂದ ಸೊಂಟದ ನೋವೇನೂ ಕಮ್ಮಿ ಆಗಲ್ಲ.

ಮನೆಯಲ್ಲಿ ಮಗುವಿಗೆ ‘ಊಟ ಮಾಡದಿದ್ರೆ ಗುಮ್ಮ ಬರ್ತಾನೆ’ ಅನ್ನುವ ಮೊದಲು, ಟೀಮಿನಲ್ಲಿ ‘ಈ ಸಲ ಲಿಸ್ಟ್ ರೆಡಿ ಆಗಿದೆಯಂತೆ’ ಅಂತ ಗಾಳಿಮಾತು ತೇಲಿಬಿಡುವ ಮೊದಲು, ಅರ್ಧ ಗಂಟೆ ಇದೆಯಾ ಅಂತ ನೋಡಿಕೊಳ್ಳಿ. ಇದ್ದರೆ ಕೂರಿಸಿಕೊಂಡು ನಿಜಾನೇ ಹೇಳಿ.