ಹೋತದ ಬಿಯರು, ಶನಿವಾರದ ಯುಗಾದಿ

ಬಿಯರಿಗೂ ಉಪವಾಸಕ್ಕೂ ಏನು ಸಂಬಂಧ ಅಂದರೆ ನೀವು ನಗಬಹುದು. ಆದರೆ 17ನೇ ಶತಮಾನದಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಪೌಲಾದ ಸಂತ ಫ್ರಾನ್ಸಿಸನ ಪಂಥದ ಸನ್ಯಾಸಿಗಳು ಮಾಡುತ್ತಿದ್ದ ಗಟ್ಟಿ ಬಿಯರು ಉಪವಾಸದ ದಿನಗಳಿಗೆ ಆಸರೆಯಾಗಿತ್ತು ಅನ್ನೋದು ಪ್ರಸಿದ್ಧ ಕಥೆ. ಊಟ ಮಾಡೋ ಹಾಗಿಲ್ಲ, ಕುಡಿಯಬಹುದು. ಅದಕ್ಕೇ ‘ಕುಡಿಯುವ ಬ್ರೆಡ್ಡು’ ಅಂತ ಹೆಸರು ಬಂತು. ಆ ಬಿಯರೇ ಮುಂದೆ ‘ಸಾಲ್ವೇಟರ್’ ಆಯಿತು. ಲ್ಯಾಟಿನ್‌ನಲ್ಲಿ ಹಾಗಂದರೆ ರಕ್ಷಕ. ಇಂಥ ಬಿಯರಿಗೆ ಈಗ ಡಾಪಲ್‌ಬಾಕ್ ಅಂತಾರೆ.

ಈಗ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಬನ್ನಿ. ನಾನಿರುವ ಊರಿಂದ ದೂರವೇನಲ್ಲ, ಚಾಕೊಲೇಟಿಗೆ ಹೆಸರಾದ ಹರ್ಷಿ. ಅಲ್ಲಿ ಟ್ರೋಗ್ಸ್ ಅನ್ನೋ ಬ್ರೂವರಿ ಇದೆ. ಕ್ರಿಸ್ ಮತ್ತು ಜಾನ್ ಟ್ರೋಗ್ನರ್ ಅನ್ನೋ ಅಣ್ಣತಮ್ಮಂದಿರು 1996ರಲ್ಲಿ ಕಟ್ಟಿದ್ದು. ಅವರ ಡಾಪಲ್‌ಬಾಕ್‌ನ ಹೆಸರು ಟ್ರೋಗಿನೇಟರ್. ಆಲ್ಕೋಹಾಲ್ ಶೇ. 8.2, ಮಾಮೂಲಿ ಲಾಗರ್‌ನಲ್ಲಿ ಇರೋದು ಶೇ. 5ರ ಆಸುಪಾಸು. ಉಪವಾಸ ಇರಲಿ, ಬಿಡಲಿ, ವರ್ಷವಿಡೀ ಸಿಗುತ್ತೆ.

ಹೋದ ತಿಂಗಳು ಇದನ್ನೂ ಸಾಲ್ವೇಟರನ್ನೂ ಅಕ್ಕಪಕ್ಕ ಇಟ್ಟುಕೊಂಡು ರುಚಿ ನೋಡಿದೆ. ಎರಡಕ್ಕೂ ಹಳೇ ತಾಮ್ರದ ಬಣ್ಣ. ಮೂಗಿನ ಹತ್ತಿರ ತಂದಾಗ ನನಗೆ ನೆನಪಾಗಿದ್ದು ರಾಗಿ ಮಾಲ್ಟ್. ಆಶ್ಚರ್ಯವೇನಿಲ್ಲ, ಕೆಲಸ ಒಂದೇ. ಕಾಳು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬಿಸಿ ತಾಗಿಸೋದು. ಅಮ್ಮ ರಾಗಿಗೆ ಮಾಡೋದನ್ನೇ ಇವರು ಬಾರ್ಲಿಗೆ ಮಾಡ್ತಾರೆ. ನನ್ನ ನಾಲಿಗೆಗೆ ಸಾಲ್ವೇಟರ್‌ನಲ್ಲಿ ಬ್ರೆಡ್ಡಿನ ಕೆಂಪಗಾದ ಅಂಚು ಜಾಸ್ತಿ, ಟ್ರೋಗಿನೇಟರ್‌ನಲ್ಲಿ ಕಂದಿದ ಸಕ್ಕರೆ, ಖರ್ಜೂರ ಜಾಸ್ತಿ. ಕಹಿ ಎರಡರಲ್ಲೂ ಕಡಿಮೆ; ಸಿಹಿ ಅತಿಯಾಗದಂತೆ ಹಿಡಿಯೋಕೆ ಎಷ್ಟು ಬೇಕೋ ಅಷ್ಟೇ. ಕೊನೆಗೆ ಎದೆಯಲ್ಲಿ ನಿಧಾನಕ್ಕೆ ಒಂದು ಬಿಸಿ.

ಜೊತೆಗಿದ್ದ ಜರ್ಮನ್ ಸಹೋದ್ಯೋಗಿ ಟ್ರೋಗಿನೇಟರ್ ಕುಡಿದು, ‘ಚೆನ್ನಾಗೇ ಇದೆ, ಆದರೆ ಅಸಲಿ ಅಲ್ಲ’ ಅಂದ.

ಹಾಗಾದರೆ ಅಸಲಿ ಯಾವುದು? ಮ್ಯೂನಿಕ್‌ನ ಆ ಮಠ 1799ರಲ್ಲಿ ಮುಚ್ಚಿತು. ಆಮೇಲೆ ಬ್ರೂವರಿಯನ್ನು ಕೈಗೆತ್ತಿಕೊಂಡ ಫ್ರಾನ್ಸ್ ಕ್ಸೇವರ್ ಜಾಖರ್ಲ್ ಸನ್ಯಾಸಿಯಲ್ಲ, ವ್ಯಾಪಾರಿ. ಸನ್ಯಾಸಿಗಳ ಕಾಲದ ಬಿಯರಿನಲ್ಲಿ ಸಿಹಿ ಹೆಚ್ಚಿತ್ತು, ಅಮಲು ಕಡಿಮೆಯಿತ್ತು. ಅಂದರೆ ಇವತ್ತಿನ ಸಾಲ್ವೇಟರ್ ಕೂಡ ಅವರು ಕುಡಿದದ್ದಲ್ಲ. ಇನ್ನೂ ಹಿಂದೆ ಹೋಗಿ. ‘ಬಾಕ್’ ಬಿಯರೇ ಮ್ಯೂನಿಕ್‌ನದ್ದಲ್ಲ, ಉತ್ತರದ ಐನ್‌ಬೆಕ್ ಊರಿನದ್ದು. 1614ರಲ್ಲಿ ಎಲಿಯಾಸ್ ಪಿಚ್ಲರ್ ಅನ್ನೋ ಬ್ರೂವರ್‌ನನ್ನು ಅಲ್ಲಿಂದ ಮ್ಯೂನಿಕ್‌ಗೆ ಕರೆಸಿಕೊಂಡರು. ಬವೇರಿಯಾದವರ ಬಾಯಲ್ಲಿ ಐನ್‌ಬೆಕ್ ಹೋಗಿ ‘ಐನ್ ಬಾಕ್’ ಆಯಿತು. ಹಾಗಂದರೆ ‘ಒಂದು ಹೋತ’. ಲೇಬಲ್‌ಗಳ ಮೇಲೆ ಇವತ್ತಿಗೂ ಹೋತದ ಚಿತ್ರ ಇರೋದು ಈ ತಪ್ಪು ಉಚ್ಚಾರದಿಂದ!

ಇಲ್ಲಿಗೆ ‘ಎಲ್ಲವೂ ನಕಲೇ, ಬಿಡಿ’ ಅಂತ ಕೈ ತೊಳೆದುಕೊಳ್ಳೋದು ಸುಲಭ. ಆದರೆ ಅದು ಸೋಮಾರಿ ಉತ್ತರ. ನಕಲಿನಲ್ಲೂ ಪ್ರಾಮಾಣಿಕವಾದದ್ದು, ಮೋಸದ್ದು ಅಂತ ಇದೆ. ಸಾಲ್ವೇಟರ್ ಅನ್ನೋದು ಒಬ್ಬರದೇ ಟ್ರೇಡ್‌ಮಾರ್ಕ್ ಆದಮೇಲೆ ಉಳಿದವರು ಆ ಹೆಸರು ಬಿಟ್ಟು, ‘ಏಟರ್’ ಅನ್ನೋ ಬಾಲವನ್ನು ಮಾತ್ರ ಇಟ್ಟುಕೊಂಡರು. ಟ್ರೋಗ್ನರ್ ಸೋದರರೂ ತಮ್ಮ ಮನೆತನದ ಹೆಸರಿಗೆ ಅದನ್ನೇ ಸೇರಿಸಿದರು. ಮಾಡಿದವರು ನಾವು, ಕಲಿತದ್ದು ಅವರಿಂದ ಅನ್ನೋ ಎರಡೂ ಒಂದೇ ಪದದಲ್ಲಿದೆ. ಸಾಲ ತಗೊಂಡಿದ್ದನ್ನು ಬೋರ್ಡ್ ಹಾಕಿ ಹೇಳಿದ ಹಾಗೆ.

ಎರಡನೇದು ಕಷ್ಟದ ವಿಷಯ. ಜರ್ಮನ್ ಭಾಷೆಯಲ್ಲಿ ಲಾಗರ್ನ್ ಅಂದರೆ ಕೂಡಿಡೋದು. ಇಂಥ ಗಟ್ಟಿ ಲಾಗರನ್ನು ತಣ್ಣಗೆ ವಾರಗಟ್ಟಲೆ ಸುಮ್ಮನೆ ಇಡಬೇಕು. ಅಷ್ಟು ದಿನ ಆ ಟ್ಯಾಂಕಿನಿಂದ ದುಡ್ಡು ಹುಟ್ಟಲ್ಲ. ಹೆಸರು ತಗೊಂಡು ಈ ಕಾಯುವಿಕೆ ಬಿಟ್ಟರೆ ಅದು ಮೋಸ. ಕಾಯೋಕೆ ತಯಾರಿದ್ದರೆ ಮ್ಯೂನಿಕ್ಕಾದರೇನು, ಹರ್ಷಿಯಾದರೇನು?

ಬಿಯರಿನ ನೆಪದಲ್ಲಿ ಇಷ್ಟು ಯೋಚಿಸಲು ಕಾರಣವಿದೆ. ಪಂಚಾಂಗ ಏನೇ ಹೇಳಲಿ, ನಮ್ಮ ಕನ್ನಡ ಕೂಟದ ಯುಗಾದಿ ಸ್ಕೂಲಿನ ಹಾಲ್ ಸಿಗುವ ಶನಿವಾರ. ಮೈಸೂರಿನ ದೊಡ್ಡಮ್ಮ ಫೋನಿನಲ್ಲಿ ಕೇಳಿದ್ದರು, ‘ಶನಿವಾರಕ್ಕೆ ತಳ್ಳಿದ ಯುಗಾದಿ ಯುಗಾದೀನೇನಪ್ಪಾ?’ ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾದ ಅನುಮಾನವಿತ್ತು. ಇಲ್ಲೇ ಹುಟ್ಟಿದ ನನ್ನ ಮಗಳಿಗೆ ಗೊತ್ತಿರೋದು ಆ ಶನಿವಾರದ ಯುಗಾದಿ ಮಾತ್ರ. ಅವಳಿಗೆ ನಾನು ಕೊಡ್ತಿರೋದು ಹಬ್ಬವೋ, ಹಬ್ಬದ ಫೋಟೋನೋ?

ತಾರೀಖು ಬದಲಾದರೆ ಹಬ್ಬ ಸುಳ್ಳಾಗುತ್ತೆ ಅಂತ ನನಗನ್ನಿಸಲ್ಲ. ಸನ್ಯಾಸಿಗಳ ಉಪವಾಸ ಬಿಟ್ಟ ಬಿಯರಿಗೂ ಬದುಕು ಸಿಕ್ಕಿದೆ. ಆದರೆ ಬೇವು ಕಹಿ, ಮಕ್ಕಳು ತಿನ್ನಲ್ಲ ಅಂತ ಬರೀ ಬೆಲ್ಲ ಹಂಚುವ ತಟ್ಟೆಗಳನ್ನು ನೋಡಿದ್ದೇನೆ. ಭಯ ಆಗೋದು ಅಲ್ಲಿ. ಸುಲಭವಾದದ್ದನ್ನು ಉಳಿಸಿಕೊಂಡು ಕಷ್ಟವಾದದ್ದನ್ನು ಬಿಟ್ಟ ದಿನ, ಸರಿಯಾದ ತಿಥಿಗೆ ಮೈಸೂರಲ್ಲೇ ಕೂತು ಆಚರಿಸಿದರೂ ಅದು ನಕಲಿಯೇ. ದೊಡ್ಡಮ್ಮನಿಗೆ ಕೊಡಲು ನನ್ನ ಹತ್ತಿರ ಇರುವ ಉತ್ತರ ಇಷ್ಟೇ: ತಿಥಿ ನಮ್ಮ ಕೈಲಿಲ್ಲ ದೊಡ್ಡಮ್ಮ, ಬೇವು ಇದೆ.